ಆಮೆಯ ಬಾಯಿಗೊಂದು ಸ್ವಾಬು

‘ಆಮೆಗೂ ನೆಗಡಿ ಆಗುತ್ತೇನೇ?’

ನಾನು ಇಂಟರ್ನ್‌ಶಿಪ್‌ನಲ್ಲಿ ಏನು ಮಾಡುತ್ತಿದ್ದೇನೆ ಎಂದು ತಿಳಿದವರೆಲ್ಲ ಮೊದಲು ಕೇಳುವುದು ಇದನ್ನೇ. ಹಾಸ್ಟೆಲ್ ಗೆಳತಿಯರು ಕೇಳಿದರು, ಊರಿನಲ್ಲಿ ಅಜ್ಜಿ ಕೇಳಿದಳು, ಈಚೆಗೆ ನನ್ನನ್ನು ನೋಡಲು ಬಂದಿದ್ದ ಗಂಡಿನ ಕಡೆಯವರೂ ಕೇಳಿದರು (ಆ ಸಂಬಂಧ ಮುಂದುವರಿಯಲಿಲ್ಲ, ಅದಕ್ಕೆ ಆಮೆ ಕಾರಣವಲ್ಲ).

ಆಗುತ್ತದೆ. ಮೂಗಿನ ಎರಡು ಸಣ್ಣ ತೂತುಗಳಲ್ಲಿ ನೀರಗುಳ್ಳೆ ಏಳುತ್ತದೆ. ರೆಪ್ಪೆ ಊದಿಕೊಳ್ಳುತ್ತದೆ. ಕುತ್ತಿಗೆ ಚಾಚಿ, ಬಾಯಿ ತೆರೆದು ಉಸಿರೆಳೆಯುತ್ತದೆ. ನಮ್ಮ ಹಾಗೆ ಜೋರಾಗಿ ಕೆಮ್ಮಿ ಕಫ ಹೊರಹಾಕುವ ಭಾಗ್ಯವೂ ಅದಕ್ಕಿಲ್ಲ. ಎದೆ ಮತ್ತು ಹೊಟ್ಟೆಯ ನಡುವೆ ನಮಗಿರುವಂಥ ವಪೆ ಆಮೆಗಿಲ್ಲ. ಹಾಗಾಗಿ ‘ನೆಗಡಿ ತಾನೇ’ ಎಂದು ಸುಮ್ಮನಿದ್ದರೆ ಅದು ನ್ಯುಮೋನಿಯಾಕ್ಕೆ ತಿರುಗುವುದು ಸುಲಭ.

ಎರಡನೇ ಪ್ರಶ್ನೆಯೂ ಹೆಚ್ಚುಕಡಿಮೆ ಎಲ್ಲರದೂ ಒಂದೇ. ‘ಹಾಗಾದ್ರೆ ಅದಕ್ಕೂ ಕೊರೊನಾ ಥರ ಮೂಗಿಗೆ ಕಡ್ಡಿ ಹಾಕ್ತೀರಾ?’ ಮೂಗಿಗಲ್ಲ, ಬಾಯಿಗೆ ಹಾಕುತ್ತೇವೆ. ಆ ಕಡ್ಡಿಯ ಕಥೆಯನ್ನೇ ಇಲ್ಲಿ ಹೇಳಹೊರಟಿದ್ದೇನೆ.

ನಾನು ಪಶುವೈದ್ಯಕೀಯ ಪದವಿಯ ಕೊನೆಯ ಹಂತದಲ್ಲಿದ್ದೇನೆ. ಹಸು, ಎಮ್ಮೆ, ಕುರಿ, ಕೋಳಿ, ನಾಯಿ ಎಲ್ಲ ಮುಗಿಸಿ, ಕಾಡುಪ್ರಾಣಿಗಳ ವಿಭಾಗ ಬರುವ ಹೊತ್ತಿಗೆ ನಮ್ಮ ಸಿಲೆಬಸ್ಸಿಗೇ ದಣಿವಾಗಿರುತ್ತದೆ. ಅದರಲ್ಲಿ ಆನೆ, ಹುಲಿ, ಚಿರತೆಗಳಿಗೆ ಸಿಕ್ಕಷ್ಟು ಪುಟ ಹಾವು, ಆಮೆ, ಉಡಗಳಿಗೆ ಸಿಗುವುದಿಲ್ಲ. ಹೀಗಾಗಿ ನಗರದ ಹೊರಗಿರುವ ಒಂದು ವನ್ಯಜೀವಿ ಪುನರ್ವಸತಿ ಕೇಂದ್ರಕ್ಕೆ ನನ್ನನ್ನು ಹಾಕಿದಾಗ ಸರೀಸೃಪಗಳ ಬಗ್ಗೆ ನನಗೆ ಗೊತ್ತಿದ್ದದ್ದು, ಹಾವಿಗೆ ಹಾಲು ಕುಡಿಸಬಾರದು ಎನ್ನುವುದಕ್ಕಿಂತ ಸ್ವಲ್ಪವೇ ಹೆಚ್ಚು.

ಜನವರಿಯಲ್ಲಿ ಒಂದು ಸೂಟ್‌ಕೇಸ್ ಬಂತು. ಒಳಗೆ 34 ನಕ್ಷತ್ರ ಆಮೆಗಳು. ಒಂದೊಂದನ್ನೂ ಒಂದೊಂದು ಕಾಲುಚೀಲದೊಳಗೆ ತುರುಕಿ, ಕಾಲು ಆಡಿಸದಂತೆ ಟೇಪು ಸುತ್ತಿದ್ದರು. ಎರಡು ಆಗಲೇ ಸತ್ತಿದ್ದವು. ಉಳಿದ 32ರಲ್ಲಿ 6ಕ್ಕೆ ಮೂಗು ಸೋರುತ್ತಿತ್ತು.

ಬೆನ್ನ ಮೇಲೆ ಹಳದಿ ನಕ್ಷತ್ರ ಬರೆದಂತಿರುವ ಈ ಆಮೆ ನಮ್ಮ ಕುರುಚಲು ಕಾಡುಗಳ ನಿವಾಸಿ. ಕರ್ನಾಟಕ, ಆಂಧ್ರ, ತಮಿಳುನಾಡಿನ ಒಣಭೂಮಿ ಅದರ ತವರು. ಗುಜರಾತ್, ರಾಜಸ್ಥಾನದ ಕಡೆಯೂ ಇದೆ, ಶ್ರೀಲಂಕಾದಲ್ಲೂ ಇದೆ. ಚೆಂದವೇ ಅದಕ್ಕೆ ಶಾಪ. ಹೊರದೇಶಗಳಲ್ಲಿ ಸಾಕುವ ಶೋಕಿಗೆ, ನಮ್ಮಲ್ಲಿ ‘ಮನೆಯಲ್ಲಿ ಆಮೆ ಇದ್ದರೆ ದುಡ್ಡು ನಿಲ್ಲುತ್ತದೆ’ ಎಂಬ ನಂಬಿಕೆಗೆ ಇದನ್ನು ಹಿಡಿಯುತ್ತಾರೆ. 2015ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಭಾರತದ ಒಂದೇ ಒಂದು ವ್ಯಾಪಾರ ಕೇಂದ್ರದ ಸುತ್ತಮುತ್ತಲಿಂದ ಒಂದು ವರ್ಷದಲ್ಲಿ ಕನಿಷ್ಠ 55,000 ನಕ್ಷತ್ರ ಆಮೆಗಳನ್ನು ಹಿಡಿಯಲಾಗಿತ್ತು. 2019ರಲ್ಲಿ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿ ಇದರ ಅಂತರರಾಷ್ಟ್ರೀಯ ವ್ಯಾಪಾರವನ್ನೇ ನಿಷೇಧಿಸಿದರು. ಸೂಟ್‌ಕೇಸುಗಳು ಮಾತ್ರ ನಿಂತಿಲ್ಲ.

‘ಹಿಡಿದದ್ದಾಯ್ತಲ್ಲ, ಕಾಡಿಗೆ ಬಿಟ್ಟುಬಿಡಿ.’ ಪೇಪರಿನಲ್ಲಿ ಸುದ್ದಿ ಓದಿದ ಎಲ್ಲರೂ ಹೇಳುವ ಮಾತು. ಅರಣ್ಯ ಇಲಾಖೆಯ ಅಧಿಕಾರಿಯೂ ಅದನ್ನೇ ಹೇಳಿದರು. ಅವರನ್ನು ದೂರುವಂತಿಲ್ಲ. ಕೇಂದ್ರದಲ್ಲಿ ಜಾಗವಿಲ್ಲ, ಪ್ರತಿ ವಾರ ಹೊಸ ಪ್ರಾಣಿ ಬರುತ್ತದೆ, 32 ಆಮೆಗಳಿಗೆ ದಿನಾ ಸೊಪ್ಪು ಹೊಂದಿಸಬೇಕು. ಆದರೆ ನಮ್ಮ ಹಿರಿಯ ಡಾಕ್ಟರ್ ಮೇಡಂ ಫೈಲಿಗೆ ಸಹಿ ಹಾಕಲಿಲ್ಲ. ‘ಸರ್, ಇವು ಎಲ್ಲೆಲ್ಲಿ, ಯಾವ ಯಾವ ಪ್ರಾಣಿ ಜೊತೆ ಇದ್ದು ಬಂದಿವೆಯೋ ಗೊತ್ತಿಲ್ಲ. ಏನು ಹೊತ್ತು ತಂದಿವೆ ಅಂತ ನೋಡದೆ ಬಿಟ್ಟರೆ, ಕಾಡಲ್ಲಿ ಚೆನ್ನಾಗಿರೋ ಆಮೆಗಳ ಗತಿ ಏನು?’ ಎಂದರು.

ಅಧಿಕಾರಿ ಹೋದ ಮೇಲೆ ನಾನು, ‘ಮೇಡಂ, ಇಷ್ಟು ಚಿಕ್ಕ ನೆಗಡಿಗೆ ಅಷ್ಟೊಂದು ಭಯವಾ?’ ಎಂದು ಕೇಳಿದೆ. ಮೇಡಂ ಉತ್ತರ ಹೇಳಲಿಲ್ಲ. ‘ಬೆಲ್ಲಿಂಜರ್ ನದಿ ಬಗ್ಗೆ ಓದ್ಕೊಂಡು ಬಾ’ ಎಂದರು.

ಓದಿದೆ. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನಲ್ಲಿರುವ ಸಣ್ಣ ನದಿ ಅದು. ಬೆಲ್ಲಿಂಜರ್ ಆಮೆ ಎಂಬ ಸಿಹಿನೀರಿನ ಆಮೆ ಇಡೀ ಪ್ರಪಂಚದಲ್ಲಿ ಇರುವುದು ಆ ಒಂದು ನದಿಯಲ್ಲಿ ಮಾತ್ರ. 2015ರ ಫೆಬ್ರುವರಿಯಲ್ಲಿ ನದಿಯ ದಂಡೆಗೆ ಕಣ್ಣು ಊದಿಕೊಂಡ, ನಡೆಯಲಾರದ ಆಮೆಗಳು ಬಂದು ಬಿದ್ದಿದ್ದವು. ಕೆಲವೇ ವಾರಗಳಲ್ಲಿ 400ಕ್ಕೂ ಹೆಚ್ಚು ಆಮೆಗಳು ಸತ್ತವು ಅಥವಾ ಸಾಯುವ ಸ್ಥಿತಿಯಲ್ಲಿ ಸಿಕ್ಕವು. ನೀರಿಗೆ ವಿಷ ಸೇರಿತೇ? ಪರೀಕ್ಷಿಸಿದರು, ಅಲ್ಲ. ಬ್ಯಾಕ್ಟೀರಿಯಾವೇ? ಅಲ್ಲ. ಗೊತ್ತಿದ್ದ ವೈರಸ್ಸುಗಳೇ? ಅವೂ ಅಲ್ಲ. ಕೊನೆಗೆ ಸತ್ತ ಆಮೆಗಳ ಅಂಗಾಂಶವನ್ನು ಜೀವಕೋಶಗಳ ಮೇಲೆ ಬೆಳೆಸಿ ನೋಡಿದಾಗ, ಅದುವರೆಗೆ ಯಾರೂ ಕಾಣದ ಒಂದು ವೈರಸ್ ಸಿಕ್ಕಿತು. ಅದರ ಜೀನೋಮು ಓದಿದರೆ ನಿಡೊವೈರಸ್ ಗುಂಪು. ಅಂದರೆ ನಮ್ಮ ಕೊರೊನಾದ ದೂರದ ದಾಯಾದಿ. ಅದು ಆ ನದಿಗೆ ಎಲ್ಲಿಂದ ಬಂತೆಂದು ತಿಳಿಯಲಿಲ್ಲ.

ಆ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು ಸಂಖ್ಯೆ. ಸೋಂಕು ಇನ್ನೂ ತಲುಪದ ನದಿಯ ಮೇಲ್ಭಾಗಕ್ಕೆ ಹೋಗಿ ವಿಜ್ಞಾನಿಗಳು ಆರೋಗ್ಯವಂತ ಆಮೆಗಳನ್ನು ಹಿಡಿದು ತಂದರು. ಒಟ್ಟು 17. ಆ 17ನ್ನು ಇಟ್ಟುಕೊಂಡು ಮರಿ ಮಾಡಿಸಿ, ಕೆಲವು ವರ್ಷಗಳ ನಂತರ ಮರಿಗಳನ್ನು ಮತ್ತೆ ನದಿಗೆ ಬಿಡಲು ಶುರು ಮಾಡಿದರು. ಒಂದು ಇಡೀ ಜಾತಿಯ ಭವಿಷ್ಯ ಹದಿನೇಳು ಆಮೆಗಳ ಬೆನ್ನ ಮೇಲೆ! ನಮ್ಮ ಸೂಟ್‌ಕೇಸಿನಲ್ಲಿ ಅದರ ಎರಡರಷ್ಟು ಇದ್ದವು.

ಮೇಡಂ ಎರಡನೆಯದಾಗಿ ಓದಲು ಕೊಟ್ಟದ್ದು ಇನ್ನೂ ಹತ್ತಿರದ ಕಥೆ. ಇಂಡೊನೇಷ್ಯಾದ ಸುಲವೆಸಿ ದ್ವೀಪದ 105 ಆಮೆಗಳ ಒಂದು ಗುಂಪನ್ನು ಅಮೆರಿಕದ ಆಮೆ ಸಂರಕ್ಷಣಾ ಸಂಸ್ಥೆಯೊಂದು ತನ್ನ ಸುಪರ್ದಿಗೆ ತೆಗೆದುಕೊಂಡಿತ್ತು. ಅವುಗಳಲ್ಲಿ ಹಲವಕ್ಕೆ ನಮ್ಮವುಗಳಿಗಿದ್ದಂಥದೇ ಲಕ್ಷಣ: ಮೂಗು ಸೋರುವುದು, ಬಾಯಿ ಹುಣ್ಣು, ಭೇದಿ, ಆಹಾರ ಬಿಡುವುದು. ಹರ್ಪಿಸ್ ವೈರಸ್ ಪಿಸಿಆರ್ ಮಾಡಿದರು, ನೆಗೆಟಿವ್. ಮೈಕೊಪ್ಲಾಸ್ಮಾ ನೋಡಿದರು, ನೆಗೆಟಿವ್. ಜಂತುಹುಳು, ಅಮೀಬಾ ಬೇಕಾದಷ್ಟು ಸಿಕ್ಕವು; ಔಷಧ ಕೊಟ್ಟರು. ಆದರೂ ಆಮೆಗಳು ಸಾಯುತ್ತಲೇ ಹೋದವು. ಸತ್ತ 50 ಆಮೆಗಳ ಅಂಗಾಂಶವನ್ನು ಮೈಕ್ರೊಸ್ಕೋಪಿನಲ್ಲಿ ನೋಡಿದಾಗ 35ರಲ್ಲಿ ಕೋಶಕೇಂದ್ರದೊಳಗೆ ಅಸಹಜ ಕಲೆಗಳು ಕಂಡವು. ಅದು ವೈರಸ್ ಬಿಟ್ಟುಹೋಗುವ ಹೆಜ್ಜೆಗುರುತು. ಆಗ ಬೇರೆ ವೈರಸ್ ಕುಟುಂಬಗಳಿಗೂ ಬಲೆ ಬೀಸಿದರು. ಸಿಕ್ಕಿದ್ದು ಹೊಸದೊಂದು ಅಡಿನೊವೈರಸ್. ಪರೀಕ್ಷಿಸಿದ 42 ಆಮೆಗಳಲ್ಲಿ 41 ಪಾಸಿಟಿವ್!

‘ಹರ್ಪಿಸ್ ನೆಗೆಟಿವ್ ಅಂತ ಬಂದ ದಿನವೇ ಅವನ್ನ ಎಲ್ಲಾದರೂ ಬಿಟ್ಟಿದ್ದರೆ?’ ಎಂದು ಮೇಡಂ ಕೇಳಿದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಲ್ಯಾಬುಗಳಿಗೆ ಫೋನು

ಸರಿ, ಪರೀಕ್ಷೆ ಮಾಡಿಸೋಣ ಎಂದುಕೊಂಡೆವು. ಎಲ್ಲಿ?

ಫೋನ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಮೊದಲ ಲ್ಯಾಬಿನವರು ‘ನಾಯಿ ಪಾರ್ವೊ ಇದೆ, ಡಿಸ್ಟೆಂಪರ್ ಇದೆ, ಬೆಕ್ಕಿನದೂ ಒಂದೆರಡಿದೆ. ಆಮೆ? ಆಮೆದಾ?’ ಎಂದು ಎರಡು ಸಲ ಕೇಳಿ ಪಕ್ಕದವರಿಗೆ ಫೋನ್ ಕೊಟ್ಟರು. ಎರಡನೆಯ ಕಡೆ ನಾನು ತಮಾಷೆ ಮಾಡುತ್ತಿದ್ದೇನೆಂದು ಭಾವಿಸಿ ಕಟ್ ಮಾಡಿದರು. ಮೂರನೆಯವರು ‘ಕಳಿಸಿ, ನಾಯಿಯ ಹರ್ಪಿಸ್ ಕಿಟ್‌ನಲ್ಲೇ ನೋಡಿಬಿಡ್ತೀವಿ’ ಎಂದು ಧಾರಾಳ ತೋರಿಸಿದರು. ಇದು ಹೇಗೆಂದರೆ, ಬೆಂಗಳೂರಿನ ಮತದಾರರ ಪಟ್ಟಿ ಹಿಡಿದು ಬೀದರ್‌ನಲ್ಲಿ ಹೆಸರು ಹುಡುಕಿದಂತೆ. ವರದಿ ಖಂಡಿತ ‘ನೆಗೆಟಿವ್’ ಬರುತ್ತಿತ್ತು. ಅದನ್ನು ನಂಬಿಕೊಂಡು ಬಿಟ್ಟಿದ್ದರೆ ಪರೀಕ್ಷೆ ಮಾಡದೆ ಇರುವುದಕ್ಕಿಂತ ಹೆಚ್ಚಿನ ಅಪಾಯ.

ಯಾಕೆ ಎಂದು ತಿಳಿಯಬೇಕಾದರೆ ಪಿಸಿಆರ್ ಬಗ್ಗೆ ಎರಡು ಮಾತು ಹೇಳಬೇಕು. ಕೊರೊನಾ ಕಾಲದಲ್ಲಿ ಈ ಪದ ಕೇಳದವರಿಲ್ಲ, ಆದರೆ ಒಳಗೆ ಏನಾಗುತ್ತದೆಂದು ನಮಗೆ ಯಾರೂ ಹೇಳಲಿಲ್ಲ. ವೈರಸ್ಸಿನ ಜೀನಿನ ಒಂದು ಸಾಲಿಗೆ ಸರಿಯಾಗಿ ಅಂಟಿಕೊಳ್ಳುವ, ಸುಮಾರು 20 ಅಕ್ಷರಗಳ ಪುಟ್ಟ ಡಿಎನ್‌ಎ ತುಂಡುಗಳನ್ನು ಮಾಡಿಸಿಕೊಳ್ಳುತ್ತಾರೆ. ಅದೇ ಪ್ರೈಮರ್. ಸ್ವಾಬಿನಲ್ಲಿ ಆ ಸಾಲು ಇದ್ದರೆ ಪ್ರೈಮರ್ ಹೋಗಿ ಕೂರುತ್ತದೆ, ಯಂತ್ರ ಅದನ್ನು ಒಂದು ಎರಡಾಗಿ, ಎರಡು ನಾಲ್ಕಾಗಿ, ನೋಡನೋಡುತ್ತಲೇ ಕೋಟಿಯಾಗಿ ನಕಲು ಮಾಡುತ್ತದೆ. ಸಾಲು ಸ್ವಲ್ಪ ಬೇರೆ ಇದ್ದರೆ ಪ್ರೈಮರ್ ಕೂರುವುದೇ ಇಲ್ಲ. ಹಾಗಾಗಿ ಯಾವ ವೈರಸ್ ಇದೆ ಎಂದು ಪಿಸಿಆರ್ ತಾನಾಗಿ ಹೇಳುವುದಿಲ್ಲ. ನೀವು ಹೆಸರು ಹಿಡಿದು ಕೂಗಿದವರು ಇದ್ದಾರೋ ಇಲ್ಲವೋ ಎನ್ನುವುದಷ್ಟೇ ಅದರ ಉತ್ತರ.

ಸರೀಸೃಪಗಳ ವಿಷಯದಲ್ಲಿ ಕಷ್ಟವೆಂದರೆ ಎಷ್ಟೋ ವೈರಸ್ಸುಗಳಿಗೆ ಇನ್ನೂ ಹೆಸರೇ ಇಲ್ಲ. ಅದಕ್ಕೆ ವಿಜ್ಞಾನಿಗಳು ಒಂದು ಉಪಾಯ ಮಾಡಿದ್ದಾರೆ. ಒಂದು ವೈರಸ್ ಕುಟುಂಬದ ಎಲ್ಲ ಸದಸ್ಯರಲ್ಲೂ ಹೆಚ್ಚು ಬದಲಾಗದೆ ಉಳಿದುಬಂದ ಭಾಗವೊಂದು ಇರುತ್ತದೆ, ಸಾಮಾನ್ಯವಾಗಿ ವೈರಸ್ ತನ್ನನ್ನು ನಕಲು ಮಾಡಿಕೊಳ್ಳಲು ಬಳಸುವ ಪಾಲಿಮರೇಸ್ ಜೀನಿನಲ್ಲಿ. ಅದಕ್ಕೆ ಹೊಂದುವ ಪ್ರೈಮರ್ ಮಾಡಿದರೆ ಇಡೀ ಕುಟುಂಬವನ್ನೇ ಕೂಗಿದಂತಾಗುತ್ತದೆ. ‘ರಾಮಪ್ಪ ಇದ್ದಾನಾ?’ ಎನ್ನುವ ಬದಲು ‘ಗೌಡರ ಮನೆಯವರು ಯಾರಾದರೂ ಇದ್ದೀರಾ?’ ಎಂದ ಹಾಗೆ. ಯಾರಾದರೂ ಓಗೊಟ್ಟರೆ ಆ ತುಂಡನ್ನು ಸೀಕ್ವೆನ್ಸ್ ಮಾಡಿ, ಹಳಬನೋ ಹೊಸಬನೋ ನೋಡುತ್ತಾರೆ. ಸುಲವೆಸಿಯ ಹೊಸ ಅಡಿನೊವೈರಸ್ಸಿನ ಗುರುತು ಹತ್ತಿದ್ದೂ ಸೀಕ್ವೆನ್ಸಿನಿಂದಲೇ.

ನಾಲ್ಕನೆಯದಾಗಿ ಒಂದು ಸಂಶೋಧನಾ ಪ್ರಯೋಗಾಲಯದವರು ಫೋನೆತ್ತಿದರು. ಅಲ್ಲಿನ ಪಿಎಚ್‌ಡಿ ಅಣ್ಣ ಒಬ್ಬರು ಪೂರ್ತಿ ಕೇಳಿಸಿಕೊಂಡು, ‘ಪೇಪರ್‌ನಲ್ಲಿ ಪ್ರೈಮರ್ ಇರುತ್ತಲ್ಲ, ಆರ್ಡರ್ ಮಾಡಿದರೆ ಬರುತ್ತೆ. ಪಾಸಿಟಿವ್ ಕಂಟ್ರೋಲ್‌ಗೆ ಏನು ಮಾಡೋಣ ಅಂತ ಯೋಚಿಸಬೇಕು’ ಎಂದರು. ನನಗೆ ಆ ಮಾತು ಕೇಳಿ ಹಾಡು ಕೇಳಿದಷ್ಟು ಖುಷಿಯಾಯಿತು. ನಮ್ಮ ಪರೀಕ್ಷೆ ನಿಜವಾಗಿ ಕೆಲಸ ಮಾಡುತ್ತಿದೆ ಎಂದು ತೋರಿಸಲು ಖಚಿತವಾಗಿ ವೈರಸ್ ಇರುವ ಒಂದು ಸ್ಯಾಂಪಲ್ ಜೊತೆಗೇ ಓಡಬೇಕು. ಅದೂ ಸುಮ್ಮನಿದ್ದರೆ ಉಳಿದ ನೆಗೆಟಿವ್‌ಗಳಿಗೆ ಬೆಲೆಯಿಲ್ಲ. ಆಮೆಯ ಹರ್ಪಿಸ್ ನಮ್ಮ ಬಳಿ ಎಲ್ಲಿಂದ ಬರಬೇಕು? ಕೊನೆಗೆ ಆ ಜೀನಿನ ತುಂಡನ್ನು ಕೃತಕವಾಗಿ ಮಾಡಿಸಿ ತರಿಸಿದರು. ಹೊರದೇಶದ ಲ್ಯಾಬಿಗೆ ಕಳಿಸಬಹುದಿತ್ತಲ್ಲ ಎಂದು ಕೇಳಬೇಡಿ. ನಕ್ಷತ್ರ ಆಮೆಯ ಒಂದು ಹನಿ ರಕ್ತ ಗಡಿ ದಾಟಬೇಕಾದರೂ ಪರ್ಮಿಟ್ ಬೇಕು. ಕಳ್ಳರಿಗೆ ಬೇಡ, ನಮಗೆ ಬೇಕು.

ಬಾಯಿ ತೆರೆಸುವ ಕಷ್ಟ

ಲ್ಯಾಬಿನ ಕೆಲಸಕ್ಕಿಂತ ದೊಡ್ಡ ಕೆಲಸ ಸ್ವಾಬ್ ತೆಗೆಯುವುದು. ಆಮೆ ಬಾಯಿ ತೆರೆಯುವುದಿಲ್ಲ. ತಲೆಯನ್ನೇ ಹೊರಗೆ ಹಾಕುವುದಿಲ್ಲ. ನಮ್ಮ ಕೇಂದ್ರದ ಕೀಪರ್ ಅಣ್ಣನಿಗೆ ಇದರಲ್ಲಿ ಮೂವತ್ತು ವರ್ಷದ ಅನುಭವ. ಅವರು ಆಮೆಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಾರೆ. ಐದು ನಿಮಿಷ, ಹತ್ತು ನಿಮಿಷ. ‘ಅವಸರ ಮಾಡ್ಬ್ಯಾಡಿ ಡಾಕ್ಟ್ರಮ್ಮ, ಅದಕ್ಕೆ ಟೈಮಿದೆ, ನಮಗೂ ಇರ್ಬೇಕು’ ಎನ್ನುತ್ತಾರೆ. ತಲೆ ಮೆಲ್ಲನೆ ಹೊರಬಂದ ಕ್ಷಣಕ್ಕೆ ದವಡೆಯ ಹಿಂದೆ ಎರಡು ಬೆರಳು. ಇನ್ನೊಂದು ಕೈಯಿಂದ ಕೆಳದವಡೆಯನ್ನು ನಿಧಾನ ಇಳಿಸಿದರೆ ನನಗೆ ಸಿಗುವುದು ಕೆಲವು ಸೆಕೆಂಡು. ಅಷ್ಟರಲ್ಲಿ ನಾಲಿಗೆಯ ಮೇಲೆ, ಅಂಗುಳಿನ ಸೀಳಿನಲ್ಲಿ ಕಡ್ಡಿ ಉಜ್ಜಬೇಕು. ಆಮೇಲೆ ಬಾಲದ ಕೆಳಗೆ, ಮಲಮೂತ್ರ ಎರಡೂ ಹೊರಬರುವ ದ್ವಾರದಿಂದ ಇನ್ನೊಂದು ಸ್ವಾಬು.

ಕಡ್ಡಿಯೂ ಎಂಥದ್ದಾದರೂ ನಡೆಯುವುದಿಲ್ಲ. ಮರದ ಕಡ್ಡಿಗೆ ಹತ್ತಿ ಸುತ್ತಿದ್ದು ಪಿಸಿಆರ್‌ಗೆ ಅಡ್ಡಿ ಮಾಡಬಹುದು; ಪ್ಲಾಸ್ಟಿಕ್ ಕಡ್ಡಿಯ, ಕೃತಕ ನಾರಿನ ತುದಿಯದ್ದೇ ಬೇಕು. ರಕ್ತ ತೆಗೆದರೆ ಹಸಿರು ಮುಚ್ಚಳದ ಹೆಪಾರಿನ್ ಟ್ಯೂಬಿಗೇ ಹಾಕಬೇಕು. ನಾಯಿ, ಹಸುವಿನ ರಕ್ತಕ್ಕೆ ನಾವು ದಿನಾ ಬಳಸುವ ನೇರಳೆ ಮುಚ್ಚಳದ ಇಡಿಟಿಎ ಟ್ಯೂಬಿನಲ್ಲಿ ಆಮೆಯ ರಕ್ತಕಣಗಳು ಒಡೆದುಹೋಗುತ್ತವೆ. ಅಂದಹಾಗೆ, ಆಮೆ, ಹಾವುಗಳ ಕೆಂಪು ರಕ್ತಕಣದಲ್ಲಿ ಕೋಶಕೇಂದ್ರ ಇರುತ್ತದೆ, ನಮ್ಮ ರಕ್ತಕಣದಲ್ಲಿ ಇರುವುದಿಲ್ಲ. ಮೊದಲ ಸಲ ಮೈಕ್ರೊಸ್ಕೋಪಿನಲ್ಲಿ ಅದನ್ನು ನೋಡಿದಾಗ ನಾನು ಅರ್ಧ ಗಂಟೆ ಕದಲಿರಲಿಲ್ಲ.

32ಕ್ಕೂ ಬೇರೆ ಬೇರೆ ಪರೀಕ್ಷೆ ಮಾಡಿಸುವಷ್ಟು ದುಡ್ಡಿರಲಿಲ್ಲ. ಮೂಗು ಸೋರುತ್ತಿದ್ದ 6ಕ್ಕೆ ಪ್ರತ್ಯೇಕ, ಉಳಿದ 26ನ್ನು ಐದು ಗುಂಪು ಮಾಡಿ ಗುಂಪಿಗೊಂದು ಪರೀಕ್ಷೆ. ಒಂದು ಗುಂಪು ಪಾಸಿಟಿವ್ ಬಂದರೆ ಆ ಗುಂಪಿನವನ್ನು ಒಂದೊಂದಾಗಿ ನೋಡುವುದು. ಕೊರೊನಾ ಕಾಲದಲ್ಲಿ ಮನುಷ್ಯರಿಗೂ ಹೀಗೇ ಮಾಡಿದ್ದರು. ಗುಂಪಿನಲ್ಲಿ ಒಂದರ ವೈರಸ್ ತೆಳುವಾಗಿ ತಪ್ಪಿಸಿಕೊಳ್ಳುವ ಸಾಧ್ಯತೆ ಇದೆ, ನಿಜ. ಆದರೆ ಖಾಲಿ ಜೇಬಿಗೆ ಬೇರೆ ದಾರಿಯಿಲ್ಲ.

ಪಕ್ಕದ ಕೋಣೆಯ ಹೆಬ್ಬಾವು

ಆಮೆಗಳಿಂದ ದೂರ, ಬೇರೆ ಬಾಗಿಲಿನ ಕೋಣೆಯಲ್ಲಿ ಒಂದು ಬಾಲ್ ಪೈಥಾನ್ ಇದೆ. ಆಫ್ರಿಕಾದ ಹೆಬ್ಬಾವು, ಬ್ಯಾಂಕಾಕ್ ವಿಮಾನದಲ್ಲಿ ಬಂದದ್ದು. ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇಂಥವು ಎಷ್ಟು ಸಿಗುತ್ತವೆಂದರೆ, ಕೀಪರ್ ಅಣ್ಣ ಅದಕ್ಕೆ ‘ಫಾರಿನ್ನು’ ಎಂದೇ ಹೆಸರಿಟ್ಟಿದ್ದಾರೆ. ಈ ಹಾವುಗಳಲ್ಲೂ ಕೊರೊನಾದ ದಾಯಾದಿಯೊಂದು ಇದೆ ಎಂದು 2014ರಲ್ಲಿ ಗೊತ್ತಾಯಿತು. ಅದರ ಆರ್‌ಎನ್‌ಎ ಸುಮಾರು 33,000 ಅಕ್ಷರದಷ್ಟು ಉದ್ದ. ಕೋವಿಡ್ ವೈರಸ್ಸಿನದು ಸುಮಾರು 30,000. ಹಾವಿಗೆ ಬಾಯಲ್ಲಿ ಲೋಳೆ, ಉಬ್ಬಸ, ನ್ಯುಮೋನಿಯಾ. ಆಮೆ ಕೋಣೆಯ ಚಪ್ಪಲಿ ಬೇರೆ, ಹಾವಿನ ಕೋಣೆಯ ಚಪ್ಪಲಿ ಬೇರೆ, ನಡುವೆ ಬ್ಲೀಚಿಂಗ್ ನೀರಿನ ತಟ್ಟೆ. ಅಡುಗೆಮನೆಯ ಮಡಿ ಪಾಲಿಸುವ ಅಜ್ಜಿಗೆ ಇದನ್ನು ಹೇಳಿದಾಗ, ‘ನಾನು ಹೇಳಿದ್ರೆ ಮೂಢನಂಬಿಕೆ ಅಂತಿದ್ದೆ’ ಎಂದಳು.

ಹಾವುಗಳ ವೈರಸ್ ಬೇಟೆಯಲ್ಲಿ ನನಗೆ ಬಹಳ ಇಷ್ಟವಾದದ್ದು ಲ್ಯಾರಿ ಎಂಬ ಬೋವಾ ಹಾವಿನ ಕಥೆ. ಬೋವಾ, ಹೆಬ್ಬಾವುಗಳಿಗೆ 1970ರ ದಶಕದಿಂದಲೂ ಒಂದು ವಿಚಿತ್ರ ಕಾಯಿಲೆ ಬರುತ್ತಿತ್ತು. ತಿಂದದ್ದನ್ನು ಕಕ್ಕುವುದು, ಮೈ ಹಿಡಿತ ತಪ್ಪುವುದು, ತಲೆಯನ್ನು ಮೇಲೆತ್ತಿ ಆಕಾಶ ನೋಡುತ್ತ ಉಳಿದುಬಿಡುವುದು. ಜೀವಕೋಶಗಳಲ್ಲಿ ಗುಲಾಬಿ ಉಂಡೆಗಳು ಕಾಣುತ್ತಿದ್ದವು, ಕಾರಣ ಮಾತ್ರ ಗೊತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ಮಹಿಳೆಯೊಬ್ಬರು ತಮ್ಮ ಲ್ಯಾರಿಗೂ ಅದೇ ರೋಗ ಇರಬಹುದೆಂದು ಹೆದರಿ ಜೋಸೆಫ್ ಡೆರಿಸಿ ಎಂಬ ವಿಜ್ಞಾನಿಗೆ ಪತ್ರ ಬರೆದರು. 2003ರಲ್ಲಿ ಸಾರ್ಸ್ ವೈರಸ್ಸನ್ನು ಗುರುತಿಸುವಲ್ಲಿ ಪಾತ್ರವಹಿಸಿದವರು ಅವರು. ಹಾವಿನ ಬಗ್ಗೆ ಪತ್ರ ಬಂತೆಂದು ನಕ್ಕು ಬಿಸಾಡಬಹುದಿತ್ತು. ಅವರು ಹಾಗೆ ಮಾಡಲಿಲ್ಲ. ಮುಂದೆ ರೋಗದ ಹಾವುಗಳ ಅಂಗಾಂಶದಲ್ಲಿದ್ದ ಆರ್‌ಎನ್‌ಎಯನ್ನೆಲ್ಲ ಅವರ ತಂಡ ಓದಿತು. ಅದರಲ್ಲಿ ಹಾವಿನದೇ ಆದದ್ದನ್ನು ಕಳೆದು, ಉಳಿದದ್ದೇನು ಎಂದು ನೋಡಿತು. ಉಳಿದದ್ದು ಅರೆನಾವೈರಸ್. ಆಫ್ರಿಕಾದ ಲಾಸಾ ಜ್ವರದ ಕುಟುಂಬ, ಅದುವರೆಗೆ ಸಸ್ತನಿಗಳಲ್ಲಿ ಮಾತ್ರ ಇದೆ ಎಂದುಕೊಂಡಿದ್ದದ್ದು. 2012ರಲ್ಲಿ ಇದು ಪ್ರಕಟವಾಯಿತು. ಯಾರ ಹೆಸರನ್ನೂ ಕೂಗದೆ, ಇದ್ದವರೆಲ್ಲರ ಹಾಜರಿ ತೆಗೆಯುವ ಪರೀಕ್ಷೆ ಇದು. ನಮ್ಮಂಥ ಕೇಂದ್ರಗಳಿಗೆ ಅದು ಇನ್ನೂ ದುಬಾರಿ.

ಇನ್ನೊಂದು ಸಂಗತಿ ಹೇಳದೆ ಇರಲಾರೆ. ವೈರಸ್ ಬೆಳೆಸಿ ನೋಡಲು ಜೀವಂತ ಕೋಶಗಳು ಬೇಕು. ಸಸ್ತನಿಯ ಕೋಶಗಳನ್ನು 37 ಡಿಗ್ರಿಯಲ್ಲಿಡುತ್ತಾರೆ, ಸರೀಸೃಪದ ಕೋಶಗಳಿಗೆ 28–30 ಡಿಗ್ರಿಯ ತಂಪು ಬೇಕು. ಜಗತ್ತಿನ ಲ್ಯಾಬುಗಳಲ್ಲಿ ಹೀಗೆ ಬೆಳೆಸುವ ಕೋಶಗಳಲ್ಲಿ ಒಂದರ ಹೆಸರು ವಿಎಚ್‌–2. ಅದು ನಮ್ಮ ಹೊಲದ ಬದುಗಳಲ್ಲಿ ಬುಸುಗುಡುವ ಕೊಳಕುಮಂಡಲದ ಹೃದಯದಿಂದ ತೆಗೆದದ್ದು. ಸುಮಾರು ಅರ್ಧ ಶತಮಾನದ ಹಿಂದೆ ಅಮೆರಿಕದ ಲ್ಯಾಬೊಂದರಲ್ಲಿ ಇಟ್ಟ ಆ ಕೋಶಗಳು ಇವತ್ತಿಗೂ ಗಾಜಿನ ಬಾಟಲಿಯಲ್ಲಿ ಒಡೆದು ಎರಡಾಗುತ್ತಲೇ ಇವೆ. ಎಲ್ಲರೂ ಹೊಡೆದು ಕೊಲ್ಲುವ ಹಾವಿನ ಹೃದಯ!

ನೆಗೆಟಿವ್ ಎಂದರೆ

ಮಾರ್ಚ್‌ನಲ್ಲಿ ನಮ್ಮ 17ನೇ ನಂಬರ್ ಆಮೆ ಸತ್ತಿತು. ಮೂಗು ಸೋರುತ್ತಿದ್ದ ಆರರಲ್ಲಿ ಅದೂ ಒಂದು. ಸೂಟ್‌ಕೇಸಿನಲ್ಲಿ ಸತ್ತಿದ್ದ ಎರಡು ಕೊಳೆತುಹೋಗಿದ್ದರಿಂದ ಏನನ್ನೂ ಹೇಳಿರಲಿಲ್ಲ. 17ನ್ನು ಒಂದು ಗಂಟೆಯೊಳಗೆ ಮೇಜಿನ ಮೇಲಿಟ್ಟೆವು. ಒಂದೊಂದು ಅಂಗದಿಂದಲೂ ಎರಡು ತುಂಡು. ಒಂದು ಫಾರ್ಮಲಿನ್‌ಗೆ, ಒಂದು ಫ್ರೀಜರಿಗೆ. ಫಾರ್ಮಲಿನ್‌ನಲ್ಲಿಟ್ಟ ತುಂಡು ಮೈಕ್ರೊಸ್ಕೋಪಿಗೆ ಚೆನ್ನ, ಆದರೆ ಅದರಲ್ಲಿ ವೈರಸ್ ಬೆಳೆಸಲಾಗದು. ಫ್ರೀಜ್ ಮಾಡಿದ್ದು ಪಿಸಿಆರ್‌ಗೆ ಚೆನ್ನ, ಮೈಕ್ರೊಸ್ಕೋಪಿಗೆ ಹಾಳು. ಎರಡರಲ್ಲಿ ಒಂದು ಮರೆತರೂ ಅರ್ಧ ಕಥೆ ಹೋಯಿತು. ಕೀಪರ್ ಅಣ್ಣ ಆ ದಿನ ಊಟ ಮಾಡಲಿಲ್ಲ. 17ಕ್ಕೆ ದಾಸವಾಳದ ಹೂ ತಿನ್ನಿಸುವ ಅಭ್ಯಾಸ ಮಾಡಿಸಿದ್ದು ಅವರೇ.

ಏಪ್ರಿಲ್‌ನಲ್ಲಿ ವರದಿ ಬಂತು. ಹರ್ಪಿಸ್ ಕುಟುಂಬ ನೆಗೆಟಿವ್. ಅಡಿನೊ ಕುಟುಂಬ ನೆಗೆಟಿವ್. ರಾನಾವೈರಸ್ ನೆಗೆಟಿವ್. ಎಲ್ಲ ಗುಂಪುಗಳೂ. 17ರ ಶ್ವಾಸಕೋಶದಲ್ಲಿ ಬ್ಯಾಕ್ಟೀರಿಯಾದ ನ್ಯುಮೋನಿಯಾ, ಕರುಳಿನಲ್ಲಿ ಜಂತು. ವೈರಸ್ಸಿನ ಹೆಜ್ಜೆಗುರುತು ಕಾಣಲಿಲ್ಲ.

ಅಧಿಕಾರಿ ಫೋನ್ ಮಾಡಿ, ‘ಹಾಗಾದ್ರೆ ಬಿಡಬಹುದಲ್ಲ?’ ಎಂದರು. ಈ ಸಲ ಉತ್ತರ ಹೇಳಲು ಮೇಡಂ ನನ್ನ ಕೈಗೆ ಫೋನ್ ಕೊಟ್ಟರು.

ನಾನು ಹೇಳಿದ್ದಿಷ್ಟು. ಸರ್, ಹರ್ಪಿಸ್ ಒಮ್ಮೆ ಒಳಹೊಕ್ಕರೆ ನರಗಳಲ್ಲಿ ಅಡಗಿ ಕೂರುತ್ತದೆ. ನಮಗೆ ಬಾಲ್ಯದಲ್ಲಿ ಬಂದ ಸೀತಾಳೆ ಸಿಡುಬಿನ (ಚಿಕನ್‌ಪಾಕ್ಸ್) ವೈರಸ್ ವಯಸ್ಸಾದ ಮೇಲೆ ಸರ್ಪಸುತ್ತಾಗಿ ಏಳುತ್ತದಲ್ಲ, ಹಾಗೆ. ಅಡಗಿದ್ದಾಗ ಬಾಯಿಗೆ ಬರುವುದಿಲ್ಲ, ಸ್ವಾಬಿಗೆ ಸಿಗುವುದಿಲ್ಲ. ಯುರೋಪಿನಲ್ಲಿ ಗ್ರೀಕ್ ಆಮೆ ಎಂಬ ಜಾತಿ ಹರ್ಪಿಸ್ಸನ್ನು ಲಕ್ಷಣವೇ ಇಲ್ಲದೆ ಹೊತ್ತು ತಿರುಗಬಲ್ಲದು. ಅದರ ಪಕ್ಕದಲ್ಲಿಟ್ಟ ಹರ್ಮನ್ ಆಮೆಗಳು ಸಾಯುತ್ತವೆ. ಅದಕ್ಕೇ ಅಲ್ಲಿ ಸ್ವಾಬಿನ ಜೊತೆ ರಕ್ತದಲ್ಲಿ ಪ್ರತಿಕಾಯವನ್ನೂ ನೋಡುತ್ತಾರೆ. ಆದರೆ ತಣ್ಣನೆಯ ರಕ್ತದ ಪ್ರಾಣಿಗೆ ಪ್ರತಿಕಾಯ ಮೂಡುವುದೂ ನಿಧಾನ, ವಾರಗಳಲ್ಲ, ಕೆಲವೊಮ್ಮೆ ತಿಂಗಳುಗಳೇ ಬೇಕು. ಒಂದು ನೆಗೆಟಿವ್ ಅಂದರೆ, ಆ ದಿನ, ಆ ಕಡ್ಡಿಗೆ, ನಾವು ಕೇಳಿದ ವೈರಸ್ ಸಿಗಲಿಲ್ಲ ಅಂತ ಅಷ್ಟೇ ಸರ್.

ಆ ಕಡೆ ಸ್ವಲ್ಪ ಹೊತ್ತು ಮೌನ. ‘ಮತ್ತೆ ಯಾವಾಗ ಗೊತ್ತಾಗುತ್ತೆ?’

‘ಎರಡು ತಿಂಗಳು ಬಿಟ್ಟು ಇನ್ನೊಂದು ಸಲ ನೋಡಬೇಕು ಸರ್.’

‘ಮಳೆಗಾಲ ಮುಗಿದುಹೋಗುತ್ತಲ್ಲಮ್ಮ.’

ಅವರ ಮಾತಿನಲ್ಲೂ ನ್ಯಾಯವಿತ್ತು, ಅದೇ ಕಷ್ಟ. ನಕ್ಷತ್ರ ಆಮೆಗಳು ಚುರುಕಾಗುವುದು, ಜೋಡಿ ಹುಡುಕುವುದು, ಹೊಟ್ಟೆ ತುಂಬಾ ಮೇಯುವುದು ಮಳೆಗಾಲದಲ್ಲಿ. ಬಿಡುವುದಾದರೆ ಅದೇ ಸರಿಯಾದ ಹೊತ್ತು. ತಪ್ಪಿದರೆ ಇನ್ನೊಂದು ವರ್ಷ ಸಿಮೆಂಟಿನ ಗೋಡೆಯೊಳಗೆ. ಇಕ್ಕಟ್ಟಿನಲ್ಲಿಟ್ಟಷ್ಟೂ ಅವುಗಳ ರೋಗನಿರೋಧಕ ಶಕ್ತಿ ಕುಗ್ಗುತ್ತದೆ. ಹೊಸ ರೋಗ ಅಂಟಲು ನಾವೇ ದಾರಿ ಮಾಡಿಕೊಟ್ಟಂತೆ. 2018ರ ನವೆಂಬರ್‌ನಲ್ಲಿ ಸಿಂಗಪುರದಿಂದ 51 ನಕ್ಷತ್ರ ಆಮೆಗಳನ್ನು ವಿಮಾನದಲ್ಲಿ ಬೆಂಗಳೂರಿಗೆ ವಾಪಸ್ ತಂದಾಗ ನಾನು ಹೈಸ್ಕೂಲಿನಲ್ಲಿದ್ದೆ. ಸುದ್ದಿ ಓದಿ, ಮನೆಗೆ ಬಂದವು, ಕಥೆ ಸುಖಾಂತ್ಯ ಎಂದುಕೊಂಡಿದ್ದೆ. ವಿಮಾನ ಇಳಿದ ಮೇಲೆಯೇ ಅಸಲಿ ಕೆಲಸ ಶುರುವಾಗುವುದು ಎಂದು ಈಗ ಗೊತ್ತಾಗುತ್ತಿದೆ.

ನನಗೊಂದು ಅಭಿಪ್ರಾಯವಿದೆ, ದೊಡ್ಡವರು ಕ್ಷಮಿಸಲಿ. ಕೊರೊನಾ ಕಾಲದಲ್ಲಿ ನಮ್ಮ ಜಿಲ್ಲೆ ಜಿಲ್ಲೆಗಳಲ್ಲಿ ಪಿಸಿಆರ್ ಯಂತ್ರಗಳು ಬಂದವು. ಅದೇ ಯಂತ್ರಕ್ಕೆ ಆಮೆಯ ಸ್ವಾಬು, ಹಾವಿನ ಸ್ವಾಬು ಹಾಕಿದರೆ ಅದು ಬೇಡ ಎನ್ನುವುದಿಲ್ಲ. ಬೇಕಾಗಿರುವುದು ಕೆಲವು ಪ್ರೈಮರ್, ನಂಬಬಹುದಾದ ಕಂಟ್ರೋಲ್, ಮತ್ತು ಫೋನ್ ಎತ್ತಿದಾಗ ನಗದೆ ಕೇಳಿಸಿಕೊಳ್ಳುವ ಒಬ್ಬರು. ಮೂಗು ಸೋರಿದ ಪ್ರತಿ ಆಮೆಗೂ ಕಣ್ಣುಮುಚ್ಚಿ ಆ್ಯಂಟಿಬಯಾಟಿಕ್ ಚುಚ್ಚುವುದಕ್ಕಿಂತ ಇದು ದುಬಾರಿಯೂ ಅಲ್ಲ.

ಜೂನ್ ಕೊನೆಯಲ್ಲಿ ಎರಡನೇ ಸುತ್ತಿನ ಸ್ವಾಬ್ ತೆಗೆದೆವು. 31 ಆಮೆ, ಎರಡು ದಿನ. ಈ ಸಲ ಗುಂಪು ಮಾಡಲಿಲ್ಲ, ಒಂದೊಂದಕ್ಕೂ ಬೇರೆ ಪರೀಕ್ಷೆ. ಅಧಿಕಾರಿಯೇ ಓಡಾಡಿ ಹಣ ಹೊಂದಿಸಿದರು. ಜೊತೆಗೆ ಬಿಡುವ ಜಾಗದ ಅಂಚಿನಲ್ಲಿ ಬೇಲಿ ಹಾಕಿಸುತ್ತಿದ್ದಾರೆ. ವರದಿ ಒಳ್ಳೆಯದಿದ್ದರೆ ಮೊದಲು ಅಲ್ಲಿ, ಕಾಡಿನ ಆಮೆಗಳ ಸಂಪರ್ಕಕ್ಕೆ ಬರದಂತೆ ಕೆಲವು ವಾರ, ಆಮೇಲೆ ಬೇಲಿಯಾಚೆ. ಮೂಗು ಸೋರುತ್ತಿದ್ದವುಗಳಲ್ಲಿ ಉಳಿದ ಐದೂ ಈಗ ಒಣಗಿದ ಮೂಗಿನಲ್ಲಿವೆ. ಹಾಗೆಂದು ಅವಕ್ಕೆ ರಿಯಾಯಿತಿ ಇಲ್ಲ.

ನನ್ನ ಪೋಸ್ಟಿಂಗ್ ಮುಗಿಯಲು ಇನ್ನು ಒಂಬತ್ತು ದಿನ ಇದೆ. ನಿನ್ನೆ ಅಧಿಕಾರಿ ಬೇಲಿಯ ಫೋಟೊ ಕಳಿಸಿದ್ದರು. ಕಲ್ಲುಗಳ ಸಂದಿಯಲ್ಲಿ ಹುಲ್ಲು ಮೊಣಕಾಲುದ್ದ ಬೆಳೆದಿದೆ. ವರದಿ ಇನ್ನೂ ಬಂದಿಲ್ಲ.